ಜಂತಿಯಿಲ್ಲದ ಮನೆ

ನಮ್ಮ ಮನೆಯಲ್ಲಿ ಬೆಳಕು ಒಂದೇ ಇತ್ತು, ಅದಕ್ಕೆ ಐದು ಜನ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಮನೆಗಳು ಬೆನ್ನಿಗೆ ಬೆನ್ನು, ಪಕ್ಕೆಗೆ ಪಕ್ಕೆ ಹಚ್ಚಿಕೊಂಡು ನಿಂತಿದ್ದವು. ಎಡಗೋಡೆ ನಮ್ಮದೂ ಹೌದು, ಪಕ್ಕದವರದೂ ಹೌದು. ಬಲಗೋಡೆಯ ಕಥೆಯೂ ಅದೇ. ಕಿಟಕಿ ಕೊರೆದರೆ ಇನ್ನೊಬ್ಬರ ಒಲೆಯ ಮುಂದೆ ತಲೆ ಹಾಕಬೇಕು. ಆದ್ದರಿಂದ ಕಿಟಕಿ ಎಂಬುದೇ ಇರಲಿಲ್ಲ. ಮಣ್ಣಿನ ಮಾಳಿಗೆಯ ನಡುವೆ, ಪಡಸಾಲೆಯ ನೆತ್ತಿಗೆ, ಒಂದು ಮೊಳ ಅಗಲದ ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಚೌಕವಾಗಿ ಪಡುವಣ ಗೋಡೆಯ ಮೇಲೆ ಕೂರುತ್ತಿತ್ತು. ಹೊತ್ತೇರಿದಂತೆ ನೆಲಕ್ಕಿಳಿದು, ಪಡಸಾಲೆ ದಾಟಿ, ಸಂಜೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತಿತ್ತು. ಮನೆಮಂದಿಯೆಲ್ಲ ಆ ಚೌಕದ ಹಿಂದೆ ನಡೆಯುತ್ತಿದ್ದೆವು. ಗೋಡೆಯ ಮೇಲಿದ್ದಾಗ ಅದು ಅಪ್ಪನದು. ಅಲ್ಲೇ ಕನ್ನಡಿ ತೂಗುಹಾಕಿ ಗಡ್ಡ ಹೆರೆದುಕೊಳ್ಳುತ್ತಿದ್ದ. ನೆಲಕ್ಕಿಳಿದ ಮೇಲೆ ಅವ್ವನ ಮೊರ ಅದರೊಳಗೆ ಬರುತ್ತಿತ್ತು, ಜೋಳದೊಳಗಿನ ಕಲ್ಲು ಕಾಣುವ ಹೊತ್ತು ಅದೊಂದೇ. ನಡುಹಗಲು ಅಜ್ಜಿಯದು, ಸೂಜಿಗೆ ದಾರ ಪೋಣಿಸಿ ಕೌದಿ ಹೊಲಿಯಲು. ನಾನೂ ತಮ್ಮನೂ ಸಾಲೆ ಬಿಟ್ಟು ಬರುವಷ್ಟರಲ್ಲಿ ಚೌಕ ಮೂಡಣ ಗೋಡೆಯ ಬುಡ ಮುಟ್ಟಿರುತ್ತಿತ್ತು. ಅರ್ಧ ಪಾಠ ಕೂತು ಓದಿದರೆ ಉಳಿದರ್ಧಕ್ಕೆ ಎದ್ದು ನಿಲ್ಲಬೇಕು. ಪುಸ್ತಕವನ್ನು ಗೋಡೆಗೆ ಆನಿಸಿ, ಬೆಳಕು ಏರಿದಂತೆ ಪುಸ್ತಕವನ್ನೂ ಏರಿಸಬೇಕು. ಕೊನೆಯ ಎರಡು ಸಾಲನ್ನು ನಾನು ತುದಿಗಾಲಿನಲ್ಲಿ ಓದುತ್ತಿದ್ದೆ. ತಮ್ಮ ಗಿಡ್ಡ, ಅವನಿಗೆ ಆ ಎರಡು ಸಾಲು ಸಿಗುತ್ತಲೇ ಇರಲಿಲ್ಲ. ಅವನು ಸಾಲೆಯಲ್ಲಿ ಹಿಂದೆ ಬಿದ್ದಾಗ ಅವ್ವ ಅವನನ್ನು ಬಿಟ್ಟು ಬೆಳಕಿಂಡಿಯನ್ನು ಬೈಯುತ್ತಿದ್ದಳು.

ಮನೆಗಳ ಬಗ್ಗೆ, ಬಾಗಿಲು ಬಚ್ಚಲುಗಳ ಬಗ್ಗೆ, ಕುರ್ಚಿ, ಕೊಡ, ಬೀಗದ ಕೈಗಳ ಬಗ್ಗೆ ಬರೆದೇ ನಾನು ಬದುಕಿದವಳು. ಯಾವ ಊರಿಗೆ ಭಾಷಣಕ್ಕೆ ಹೋದರೂ ಯಾರಾದರೊಬ್ಬ ಎಳೆಯ ವಾಸ್ತುಶಿಲ್ಪಿ ಎದ್ದು ನಿಂತು, ನೋಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ನಾನು ಬೆಳಕಿಂಡಿಯ ಕಥೆ ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಆ ಕಥೆ ಸುಳ್ಳಲ್ಲ. ಆದರೆ ಬೆಳಕಿಂಡಿ ನನಗೆ ಕಾಯುವುದನ್ನು ಕಲಿಸಿತು, ಜಗಳ ಆಡುವುದನ್ನು ಕಲಿಸಿತು, ನೋಡುವುದನ್ನಲ್ಲ. ನೋಡುವುದನ್ನು ಕಲಿಸಿದ್ದು ಹೊಟ್ಟೆಕಿಚ್ಚು. ನನ್ನ ಚಿಕ್ಕಪ್ಪ ಸತ್ಯನಾರಾಯಣಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ, ಅವನ ಮಗಳು ಗಿರಿಜೆ ನನಗಿಂತ ಮೂರೇ ತಿಂಗಳಿಗೆ ಚಿಕ್ಕವಳು. ಇಷ್ಟು ಸಾಕಾಯಿತು.

ಅಪ್ಪನದು ಬಜಾರಿನಲ್ಲಿ ದೇವರ ಪಟಗಳಿಗೂ ಫೋಟೊಗಳಿಗೂ ಕಟ್ಟು ಹಾಕುವ ಅಂಗಡಿ. ಚಿಕ್ಕಪ್ಪನೂ ಮೊದಲು ಅಲ್ಲೇ ಕೂತು ಗಾಜು ಕೊಯ್ಯುತ್ತಿದ್ದ. ಮದುವೆಯಾದ ಮೇಲೆ ಅವನ ಮಾವನ ಕಡೆಯವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಅವನಿಗೆ ಪಾಲು ಕೊಡಿಸಿದರು. ಅಲ್ಲಿ ಕಾಲುವೆ ನೀರಿನ ಭತ್ತ, ಬಿಡುವಿಲ್ಲದ ಗಿರಣಿ. ನಾಲ್ಕೈದು ವರ್ಷದಲ್ಲಿ ಚಿಕ್ಕಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುವಷ್ಟು ಉಳ್ಳವನಾದ. ನಮ್ಮಲ್ಲಿ ರೊಟ್ಟಿ, ಅನ್ನ ಹಬ್ಬಕ್ಕೆ. ಅವರಲ್ಲಿ ಎರಡು ಹೊತ್ತೂ ಅನ್ನ. ಇದಕ್ಕೆ ನಾನು ಹೊಟ್ಟೆ ಉರಿದುಕೊಳ್ಳಲಿಲ್ಲ ಅಂದರೆ ನಂಬಬೇಕು. ರೊಟ್ಟಿಯೇ ನನಗೆ ರುಚಿ. ಹೊಸ ಮನೆಯ ಕೆಂಪು ಗಾರೆಯ ನೆಲ, ಗುಂಡಿ ಒತ್ತಿದರೆ ಹತ್ತುವ ದೀಪ, ತಿರುವು ತೆಗೆದುಕೊಂಡು ಮೇಲೇರುವ ಮೆಟ್ಟಿಲು, ಇವನ್ನೆಲ್ಲ ಗೃಹಪ್ರವೇಶದ ದಿನ ಒಂದೊಂದಾಗಿ ನೋಡಿ ಒಂದೊಂದಾಗಿ ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದು ಕಿಟಕಿ. ಗಿರಿಜೆಯ ಕೋಣೆಯಲ್ಲಿ, ಬೀದಿಯ ಕಡೆಗೆ, ನನ್ನಷ್ಟೇ ಎತ್ತರದ ಕಿಟಕಿ. ಅದರ ಕೆಳಗೆ ಗೋಡೆಯ ದಪ್ಪದಿಂದ ಕೋಣೆಯೊಳಕ್ಕೂ ಚಾಚಿದ ಒಂದು ಕಟ್ಟೆ, ನಯವಾಗಿ ತಿಕ್ಕಿದ ಕಡಪ ಕಲ್ಲು ಹಾಸಿದ್ದು. ಹುಡುಗಿಯೊಬ್ಬಳು ಬೆನ್ನು ಒಂದು ಕಡೆ, ಅಂಗಾಲು ಇನ್ನೊಂದು ಕಡೆ ಒತ್ತಿ ಕೂತರೆ ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿತ್ತು. ಗಿರಿಜೆ ಹಾಗೇ ಕೂತಿದ್ದಳು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು.

“ಇಲ್ಲಿ ಯಾರು ಕುಂದರ್ತಾರ?” ಎಂದು ಕೇಳಿದೆ.

“ನಾನು.”

“ನೀ ಸಾಲಿಗೆ ಹೋದಾಗ?”

“ಯಾರೂ ಇಲ್ಲ. ಖಾಲಿ ಇರತೈತಿ.”

ಖಾಲಿ ಎಂಬ ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ನಮ್ಮಲ್ಲಿ ಐದು ಜನ ಒಂದು ಮೊಳ ಬೆಳಕಿಗೆ ಸರದಿ ಹಿಡಿದು ನಿಲ್ಲುತ್ತಿದ್ದರೆ, ಇಲ್ಲಿ ಇಡೀ ಕಿಟಕಿಯ ತುಂಬ ಬೆಳಕು ಯಾರಿಗೂ ಬೇಡವಾಗಿ ಹಗಲೆಲ್ಲ ಬಿದ್ದಿರುತ್ತಿತ್ತು. ಚಿಕ್ಕಮ್ಮ ಆದೋನಿ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. “ರಾಮ್ಮಾ ಸರೂ, ಕೂರ್ಚೋ. ಹೊಸ ಮನಿ ಹೆಂಗೈತಿ?” ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. ಚಲೋ ಐತಿ ಅಂದೆ. ಊಟವಾದ ಮೇಲೆ ಹೆಂಗಸರೆಲ್ಲ ಅಲ್ಲೇ ನಡುಮನೆಯಲ್ಲಿ ಸ್ವಲ್ಪ ಅಡ್ಡಾದರು. ನಾನೂ ಅಜ್ಜಿಯ ಪಕ್ಕದಲ್ಲಿ ಮಲಗಿ ಮೇಲೆ ನೋಡಿದೆ. ನಮ್ಮ ಮನೆಯಲ್ಲಿ ಮಲಗಿದರೆ ತೊಲೆಗಳು, ತೊಲೆಗಳ ಮೇಲೆ ಜಂತಿಗಳು, ಜಂತಿಗಳ ಸಂದಿಯಲ್ಲಿ ಗುಬ್ಬಿ ತುರುಕಿದ ಹುಲ್ಲು ಕಾಣುತ್ತಿದ್ದವು. ನಿದ್ದೆ ಬಾರದಿದ್ದರೆ ಎಣಿಸಬಹುದಿತ್ತು. ಇಲ್ಲಿ ಬರೀ ಬಿಳುಪು.

“ಏನು ನೋಡ್ತೀಯೇ ಮ್ಯಾಲೆ?” ಎಂದಳು ಅಜ್ಜಿ.

“ಜಂತಿ.”

“ಉಂಡ ಮನಿ ಜಂತಿ ಎಣಸಬಾರದು.”

“ಇಲ್ಲಿ ಎಣಸಾಕ ಜಂತೀನ ಇಲ್ಲಲ್ಲ ಅಜ್ಜಿ.”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವಳೂ ಮೇಲೆ ನೋಡಿದಳು, ಬಹಳ ಹೊತ್ತು ನೋಡಿದಳು. ಬಾಗಿಲಲ್ಲಿ ನಿಂತು ವೀಳ್ಯ ಹಾಕುತ್ತಿದ್ದ ಚಿಕ್ಕಪ್ಪನನ್ನು ಕರೆದಳು.

“ಮರ ಇಲ್ಲ, ಮಣ್ಣಿಲ್ಲ. ಯಾತರ ಮ್ಯಾಲೆ ನಿಂತೈತೋ ಇದು?”

“ಕಬ್ಬಣದ ಮ್ಯಾಲವ್ವ. ಸಿಮೆಂಟಿನೊಳಗ ಕಬ್ಬಣದ ಸಳಿ ಅದಾವು.”

“ಕಬ್ಬಣ ತುಕ್ಕು ಹಿಡಿಯಂಗಿಲ್ಲೇನು?”

“ನೀರು ತಾಗಿದ್ರ ಹಿಡಿತೈತಿ. ನೀರು ಎಲ್ಲಿಂದ ಬರಬೇಕು?” ಎಂದು ಚಿಕ್ಕಪ್ಪ ನಕ್ಕ.

ಆ ದಿನದಿಂದ ನಾನು ಆ ಮನೆಯ ಹುಳುಕು ಹುಡುಕಲು ಕೂತೆ. ಹೊಟ್ಟೆಕಿಚ್ಚಿನಷ್ಟು ಚುರುಕಾದ ಕಣ್ಣು ಬೇರೊಂದಿಲ್ಲ. ಪ್ರೀತಿ ಇದ್ದವರು ಒಂದು ಮನೆಯನ್ನು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಕಣ್ಣುಕಿಸುರು ಇದ್ದವರು ಮತ್ತೆ ಮತ್ತೆ ನೋಡುತ್ತಾರೆ. ಬೀದಿ ಬಾಗಿಲಲ್ಲಿ ನಿಂತರೆ ಹಿಂದಿನ ಬಚ್ಚಲಿನವರೆಗೆ ನೇರ ಕಾಣುತ್ತದೆ ಎಂದು ಕಂಡುಹಿಡಿದೆ. ಮೆಟ್ಟಿಲು ಒಂದೊಂದು ಒಂದೊಂದು ಎತ್ತರ, ಅಜ್ಜಿ ಮೂರನೆಯದರಲ್ಲೇ ಎಡವುತ್ತಾಳೆ. ಅಡುಗೆಮನೆಯಲ್ಲಿ ಹೊಗೆಗೆ ದಾರಿಯಿಲ್ಲ. ದೀಪ ಇಡಲು ಗೋಡೆಯಲ್ಲಿ ಒಂದು ಮಾಡವಿಲ್ಲ. ನಮ್ಮ ಗೋಡೆಯಲ್ಲಾದರೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಮಾಡ: ಅಪ್ಪನದರಲ್ಲಿ ಕತ್ತಿ, ಅಜ್ಜಿಯದರಲ್ಲಿ ಎಲೆಯಡಿಕೆ ಚೀಲ, ನನ್ನದರಲ್ಲಿ ಒಡೆದ ಗಾಜಿನ ಚೂರುಗಳು. ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಒಪ್ಪಿಸುತ್ತಿದ್ದೆ. ಅಪ್ಪ ರೊಟ್ಟಿ ಮುರಿಯುತ್ತ, “ನಮ್ಮ ಸರೂ ಮೊಸರಾಗ ಕಲ್ಲು ಹುಡುಕ್ತಾಳ,” ಅನ್ನುತ್ತಿದ್ದ. ಆದರೆ ಅವನೂ ಕಿವಿಗೊಟ್ಟು ಕೇಳುತ್ತಿದ್ದ. ತಮ್ಮನ ಮನೆಯ ಹುಳುಕು ಕೇಳಲು ಅಣ್ಣನಿಗೂ ಅಷ್ಟೇನೂ ಬೇಸರವಿರಲಿಲ್ಲ. ನನ್ನ ಮೊದಲ ಓದುಗರು ಹೀಗೆ ನನಗೆ ಮನೆಯಲ್ಲೇ ಸಿಕ್ಕರು.

ಇನ್ನೊಂದು ಉರಿ ಅಜ್ಜಿಯದು. ಅಜ್ಜಿ ಹುಟ್ಟಿದ್ದು ಕುರುಗೋಡಿನಲ್ಲಿ, ಬಾಳಿದ್ದು ನಮ್ಮ ಓಣಿಯಲ್ಲಿ. ಹೊಸ ಮನೆಯಾದ ಮೇಲೆ ಚಿಕ್ಕಪ್ಪ ಅವಳನ್ನು ದಸರೆ ಮುಗಿಯುತ್ತಲೇ ಕರೆದೊಯ್ದು ಶಿವರಾತ್ರಿಯವರೆಗೂ ಇಟ್ಟುಕೊಳ್ಳತೊಡಗಿದ. ಆ ನಾಲ್ಕು ತಿಂಗಳು ಗಿರಿಜೆ ಅಜ್ಜಿಯ ಕೌದಿಯೊಳಗೆ ಮಲಗುತ್ತಿದ್ದಳು. ಅಜ್ಜಿ ನಮ್ಮ ಮನೆಗೆ ಮರಳಿದಾಗ ಅವಳ ಸೀರೆಯಲ್ಲಿ ಬೇರೆ ಸೋಪಿನ ವಾಸನೆ ಇರುತ್ತಿತ್ತು. ಆ ವಾಸನೆ ಹೋಗುವವರೆಗೆ ನಾನು ಅವಳ ಹತ್ತಿರ ಮಲಗುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅಜ್ಜಿ ನಮ್ಮವಳು. ಯಾಕೆಂದರೆ ಬಳ್ಳಾರಿಯ ಬೇಸಿಗೆಯಲ್ಲಿ ಆ ಸಿಮೆಂಟಿನ ತಾರಸಿಯ ಕೆಳಗೆ ಮನುಷ್ಯರು ಇರುವಂತಿರಲಿಲ್ಲ. ಹಗಲು ಕಾದ ತಾರಸಿ ಮರುದಿನ ಬೆಳಗಿನವರೆಗೂ ಆರುತ್ತಿರಲಿಲ್ಲ. ಚಿಕ್ಕಮ್ಮ ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟುತ್ತಿದ್ದಳು, ಗಿರಿಜೆಯ ಬೆನ್ನ ತುಂಬ ಬೆವರುಸಾಲೆ. ನಮ್ಮ ಕತ್ತಲೆ ಮನೆ ಆಗ ಹೊಂಡದ ನೀರಿನ ಹಾಗೆ ತಂಪಾಗಿರುತ್ತಿತ್ತು. ಮಧ್ಯಾಹ್ನ ಊಟ ಮಾಡಿಕೊಂಡು ಅವರೆಲ್ಲ ನಮ್ಮಲ್ಲಿಗೇ ಬಂದು ಮಲಗುವಂತಾಯಿತು. ಆ ಒಂದು ಬೇಸಿಗೆ ನಾನು ಗೆದ್ದೆ.

ಎರಡನೆಯ ಬೇಸಿಗೆಯಲ್ಲಿ ಚಿಕ್ಕಪ್ಪನೇ ಅಜ್ಜಿಯ ಹತ್ತಿರ ಬಂದು ಕೂತ. ನಗಲಿಲ್ಲ.

“ಅವ್ವಾ, ನೀ ಅಂದದ್ದು ಖರೇ ಆತು. ಮ್ಯಾಲೆ ಮಣ್ಣು ಬೇಕು.”

ಅಜ್ಜಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಮಣ್ಣು ಅಂದರೆ ಅವಳಿಗೆ ಒಂದೇ, ಚೌಳು ಮಣ್ಣು. ನಮ್ಮ ಸೀಮೆಯಲ್ಲಿ ಹೊಲದ ತಗ್ಗಿನಲ್ಲಿ, ಏನೂ ಬೆಳೆಯದ ಕಡೆ, ಬೂದಿ ಬಣ್ಣದ ಉಪ್ಪುಮಣ್ಣು ಮೇಲೇಳುತ್ತದೆ. ರೈತರಿಗೆ ಅದು ಶನಿ, ಮಣ್ಣಿನ ಮಾಳಿಗೆಯವರಿಗೆ ಲಕ್ಷ್ಮಿ. ಮಳೆಗಾಲಕ್ಕೆ ಮೊದಲು ಅದನ್ನು ಮಾಳಿಗೆಯ ಮೇಲೆ ಹರಡಿ ಸವರಿದರೆ, ಮೊದಲ ಮಳೆಗೆ ಉಬ್ಬಿ ಕೂಡಿಕೊಂಡು ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ವರ್ಷಾ ವರ್ಷಾ ಈ ಕೆಲಸ ಅಜ್ಜಿಯದೇ. ಕುರುಗೋಡಿನ ಆಚೆ ಅವಳ ತವರಿನವರ ಹಾಳು ಹೊಲ ಒಂದಿತ್ತು, ಅಲ್ಲಿಯ ಚೌಳೇ ಆಗಬೇಕು. ಬಂಡಿ ಬಂದು ನಿಂತರೆ ಅಜ್ಜಿ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು. ಉಪ್ಪು ಚುರ್ ಎಂದರೆ ತಲೆಯಾಡಿಸುತ್ತಿದ್ದಳು, ಇಲ್ಲದಿದ್ದರೆ ಬಂಡಿ ಹಿಂದಕ್ಕೆ. ಆಮೇಲೆ ಸೀರೆ ಕಚ್ಚೆ ಹಾಕಿ ನಿಚ್ಚಣಿಕೆ ಹತ್ತಿದರೆ ಮಾಳಿಗೆಯ ಮೇಲೆ ಅವಳೇ ದೊರೆ. ಇಡೀ ಓಣಿಯ ಜನ ತಮ್ಮ ಮಾಳಿಗೆಗೂ ಒಮ್ಮೆ ಬಂದು ಹೋಗು ಎಂದು ಅವಳನ್ನು ಕರೆಯುತ್ತಿದ್ದರು. ಅವಳಿಗೆ ಓದು ಬಾರದು, ಹಾಡು ಬಾರದು, ಹೋಳಿಗೆಯೂ ಅಷ್ಟಕ್ಕಷ್ಟೇ. ಅವಳ ಹೆಸರು ಉಳಿದದ್ದು ಚೌಳಿನಲ್ಲಿ.

ಬಂಡಿ ಬರುವ ಹಿಂದಿನ ದಿನ ನಾನು ಅಪ್ಪನಿಗೆ ಬುತ್ತಿ ಕೊಟ್ಟು ಅಂಗಡಿಯಿಂದ ಮರಳುತ್ತಿದ್ದೆ. ಗಿರಿಜೆ ಬೆಳಿಗ್ಗೆಯಷ್ಟೇ ನನ್ನ ಮುಂದೆ ಕುಣಿದಾಡಿ ಹೋಗಿದ್ದಳು. “ಮಣ್ಣು ಹಾಕಿದ್ರ ನಮ್ಮ ಮನೀನೂ ತಂಪಾಗತೈತಿ. ಇನ್ನ ಅಜ್ಜಿ ಬ್ಯಾಸಗ್ಯಾಗೂ ನಮ್ಮಲ್ಲೇ ಇರತಾಳ,” ಎಂದು ಹೇಳಿದ್ದಳು. ಆ ಮಾತನ್ನು ದಾರಿಯುದ್ದಕ್ಕೂ ಅಗಿಯುತ್ತ ಬರುತ್ತಿದ್ದಾಗ ಓಣಿಯ ಮೂಲೆಯಲ್ಲಿ ಖಾದರ್ ಸಾಬ್ ಕರೆದ. ಅವನು ನಮ್ಮ ಓಣಿಯ ಗಾರೆ ಕೆಲಸದವನು, ಚಿಕ್ಕಪ್ಪನ ತಾರಸಿ ಹಾಕಿದ ತಂಡದಲ್ಲಿ ದುಡಿದವನು. ಬಗಲಲ್ಲಿ ಗಂಟಿತ್ತು, ಕೈಯಲ್ಲಿ ಕರಣಿ. ಸಿರುಗುಪ್ಪದ ಬೇರೊಬ್ಬರ ಗಿರಣಿಯಲ್ಲಿ ಭತ್ತ ಒಣಗಿಸುವ ಸಿಮೆಂಟಿನ ಕಣ ಮಾಡಲು ಹೊರಟಿದ್ದ.

“ಬೇಟಿ, ನಿಮ್ಮಜ್ಜಿ ಆ ತಾರಸಿಗೆ ಚೌಳು ಹಾಕಸ್ತಾರಂತ, ಖರೇ ಏನು?”

“ಹೂಂ. ನಾಳೆ ಬಂಡಿ ಬರತೈತಿ.”

“ಬ್ಯಾಡ ಅನ್ನು. ಚೌಳಿನಾಗ ಉಪ್ಪು ಐತಿ. ಮಣ್ಣಿನ ಮಾಳಿಗಿಗೆ ಚಲೋ, ಸಿಮೆಂಟಿಗೆ ಅದು ಆಗಂಗಿಲ್ಲ. ಉಪ್ಪುನೀರು ಒಳಗ ಇಳದು ಕಬ್ಬಣ ತಿಂದುಬಿಡ್ತೈತಿ. ತಂಪು ಬೇಕಂದ್ರ ಬರೀ ಕೆಂಪು ಮಣ್ಣು ಹಾಕ್ಲಿ. ಖಾದರ ಹೇಳ್ಯಾನ ಅಂತ ಹೇಳು.”

“ಹೇಳ್ತೀನಿ.”

“ಮರೀಬ್ಯಾಡ. ನನಗ ಬಸ್ಸಿಗೆ ಹೊತ್ತಾತು, ಬರಾಕ ಎರಡು ತಿಂಗಳು.”

ಮರೆಯಲಿಲ್ಲ. ಮರೆತಿದ್ದರೆ ಈ ಅಧ್ಯಾಯ ಬರೆಯುವ ಗರಜು ಇರಲಿಲ್ಲ. ಮನೆಗೆ ಬಂದಾಗ ಅಜ್ಜಿ ಬೆಳಕಿನ ಚೌಕದಲ್ಲಿ ಕೂತು ನಾಳೆಗೆ ಬೇಕಾದ ಬುಟ್ಟಿಗಳಿಗೆ ಸೆಗಣಿ ಮೆತ್ತುತ್ತಿದ್ದಳು. “ಯಾರ ಜೋಡಿ ಮಾತಾಡಾಕ್ಹತ್ತಿದ್ದೀ ಮೂಲ್ಯಾಗ?” ಎಂದು ಕೇಳಿದಳು. ಬಾಗಿಲಿನಿಂದ ಅವಳಿಗೆ ಎಷ್ಟು ಕಂಡಿತ್ತೋ ಗೊತ್ತಿಲ್ಲ. “ಯಾರಿಲ್ಲ,” ಅಂದೆ. ಹನ್ನೊಂದು ವರ್ಷದ ಹುಡುಗಿಗೆ ತಿಳಿಯಲಿಲ್ಲ ಎಂದು ನನ್ನ ಪರವಾಗಿ ಯಾರೂ ವಾದಿಸುವುದು ಬೇಡ. ನನಗೆ ಚೆನ್ನಾಗಿ ತಿಳಿದಿತ್ತು. ಹೇಳಿದರೆ ಕೆಂಪು ಮಣ್ಣು ಬೀಳುತ್ತದೆ, ಮನೆ ತಂಪಾಗುತ್ತದೆ, ಕಿಟಕಿಯ ಜೊತೆಗೆ ಅಜ್ಜಿಯೂ ಅವರ ಪಾಲಾಗುತ್ತಾಳೆ. ಹೇಳದಿದ್ದರೆ ಆ ತಾರಸಿಗೆ ಏನೋ ಆಗುತ್ತದೆ. ಆ ಏನೋ ಎಂಬುದು ನನಗೆ ಬೇಕಾಗಿತ್ತು.

ಮರುದಿನ ಚೌಳು ಹಾಕಿದೆವು. ನಾನೂ ಗಿರಿಜೆಯೂ ಒಂದೇ ಬುಟ್ಟಿಯನ್ನು ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿದೆವು. ಅಜ್ಜಿ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು, “ಹಿಂಥಾ ಚೌಳು ಹತ್ತು ವರ್ಷದಾಗ ಸಿಕ್ಕಿಲ್ಲ,” ಎಂದು ಮಗನಿಗೆ ತೋರಿಸಿದಳು. ಸಂಜೆ ಕೈಕಾಲು ತೊಳೆದ ಮೇಲೆ ಗಿರಿಜೆ ನನ್ನ ಕೈ ಹಿಡಿದು ಕೋಣೆಗೆ ಕರೆದೊಯ್ದಳು. ಬಹಳ ಮಣ್ಣು ಹೊತ್ತಿದ್ದೀ, ಇವತ್ತು ಈ ಕಟ್ಟೆ ನಿನ್ನದು ಅಂದಳು. ನಾನು ಬೆನ್ನು ಒಂದು ಕಡೆ, ಅಂಗಾಲು ಇನ್ನೊಂದು ಕಡೆ ಒತ್ತಿ ಕೂತೆ. ಕಲ್ಲು ಬೆಚ್ಚಗಿತ್ತು. ಪಶ್ಚಾತ್ತಾಪದಿಂದ ಓದಲಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಓದಿದೆ. ನಾಲ್ಕು ಪುಟ ಓದಿದೆ, ಒಮ್ಮೆಯೂ ಎದ್ದು ನಿಲ್ಲದೆ.

ಮನೆ ತಂಪಾಯಿತು. ಎಲ್ಲರೂ ಅಜ್ಜಿಯನ್ನು ಹೊಗಳಿದರು. ಮರುವರ್ಷ ಇನ್ನೊಂದು ಪದರ ಬಿತ್ತು, ನಾನು ಇನ್ನೊಮ್ಮೆ ಬುಟ್ಟಿ ಹಿಡಿದೆ, ಇನ್ನೊಮ್ಮೆ ಸುಮ್ಮನಿದ್ದೆ. ಖಾದರ್ ಸಾಬ್ ನನ್ನನ್ನು ಕಂಡರೆ ನಕ್ಕು ಮುಂದೆ ಹೋಗುತ್ತಿದ್ದ. ಹೇಳಿದ ಮಾತನ್ನು ದೊಡ್ಡವರು ಕೇಳಲಿಲ್ಲ, ಎರಡನೇ ಸಲ ಹೇಳುವುದು ಮರ್ಯಾದೆಯಲ್ಲ ಎಂದು ಅವನು ತಿಳಿದಿದ್ದನಂತೆ. ಎರಡನೆಯ ಮಳೆಗಾಲದಲ್ಲಿ ಗಿರಿಜೆಯ ಕೋಣೆಯ ನೆತ್ತಿಯಲ್ಲಿ ಬಿಳಿ ಹಿಟ್ಟಿನಂಥದ್ದು ಮೂಡಿತು. ಸುಣ್ಣ ಉದುರುತ್ತಿದೆ ಎಂದು ಚಿಕ್ಕಮ್ಮ ಗುಡಿಸಿದಳು. ಆಮೇಲೆ ಕಂದು ಗೆರೆಗಳು ಬಂದವು, ಒಂದರ ಪಕ್ಕ ಒಂದು, ಅಳತೆ ಹಿಡಿದು ಎಳೆದ ಹಾಗೆ. ಒಳಗಿನ ಕಬ್ಬಿಣ ತಾನು ಎಲ್ಲಿದ್ದೇನೆಂದು ತೋರಿಸುತ್ತಿತ್ತು. ಜಂತಿಯಿಲ್ಲದ ಮನೆಗೆ ಜಂತಿ ಬಂದಿದ್ದವು. ನಾನು ಎಣಿಸಿದೆ, ಹನ್ನೊಂದು.

ಮೂರನೆಯ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಚಿಕ್ಕಮ್ಮ ಊಟಕ್ಕೆ ಕರೆದಳೆಂದು ಗಿರಿಜೆ ಪುಸ್ತಕವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಎದ್ದು ಬಂದಳಂತೆ. ಕೈ ತೊಳೆಯುತ್ತಿದ್ದಾಗ ಕೋಣೆಯಲ್ಲಿ ಸದ್ದಾಯಿತು. ಸುದ್ದಿ ತಿಳಿದು ನಾವೆಲ್ಲ ಓಡಿದೆವು. ರೊಟ್ಟಿ ಬಡಿಯುವ ಕಲ್ಲಿನಷ್ಟು ಅಗಲದ ಸಿಮೆಂಟು ತಾರಸಿಯಿಂದ ಕಳಚಿ, ಸರಿಯಾಗಿ ಆ ಕಿಟಕಿ ಕಟ್ಟೆಯ ಮೇಲೆ ಬಿದ್ದಿತ್ತು. ಕಡಪ ಕಲ್ಲು ಎರಡು ಹೋಳು. ಮೇಲೆ ತುಕ್ಕು ಹಿಡಿದು ಊದಿಕೊಂಡ ಸಳಿಗಳು ನೇತಾಡುತ್ತಿದ್ದವು. ಗಿರಿಜೆ ಅಳುತ್ತಿರಲಿಲ್ಲ, ಪುಸ್ತಕದ ಮೇಲಿನ ಪುಡಿ ಕೊಡವುತ್ತಿದ್ದಳು. ಚಿಕ್ಕಪ್ಪ ಸಿರುಗುಪ್ಪದಿಂದ ಬಂದವನೇ ಖಾದರ್ ಸಾಬನನ್ನು ಕರೆಸಿದ. ಖಾದರ್ ಸಾಬ್ ಬಿದ್ದ ಚೂರನ್ನು ಕೈಯಲ್ಲಿ ಹಿಡಿದು ನೋಡಿ, ಇದು ಚೌಳಿನ ಕೆಲಸ ಅಂದ.

“ಗೊತ್ತಿದ್ದವ ಒಂದು ಮಾತು ಹೇಳಬಾರದಾಗಿತ್ತೇನು?” ಎಂದ ಚಿಕ್ಕಪ್ಪ.

“ಹೇಳಿದ್ನಲ್ರಿ. ಬಂಡಿ ಬರೋ ಹಿಂದಿನ ದಿವ್ಸಾನ ಹೇಳಿ ಕಳಿಸಿದ್ದೆ. ಈ ನಿಮ್ಮ—”

ಅವನು ಗದ್ದ ಎತ್ತಿ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಾನು ನಿಂತಿದ್ದೆ.

“ನನಗ ಹೇಳಿದ್ದ,” ಎಂದಳು ಅಜ್ಜಿ.

ಅವಳು ಆ ಹೊತ್ತಿಗೆ ನನ್ನನ್ನು ನೋಡಲಿಲ್ಲ. ಅದಕ್ಕಿಂತ ಒಂದು ಕ್ಷಣ ಮೊದಲು ನೋಡಿದ್ದಳು.

“ಹೇಳಿದ್ದ. ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ. ಮದಿವಿಯಾಗಿ ಬಂದಾಗಿಂದ ಚೌಳು ಹಾಕೀನಿ, ಅವನ ಮಾತು ಯಾಕ ಕೇಳಲಿ ಅಂದೆ.”

ಖಾದರ್ ಸಾಬ್ ಅಜ್ಜಿಯ ಮುಖ ನೋಡಿದ, ನನ್ನ ಮುಖ ನೋಡಿದ. “ಹೌದ್ರಿ,” ಎಂದು ಚೂರನ್ನು ಕೆಳಗಿಟ್ಟ.

“ಗೊತ್ತಿದ್ದೂ ಮಾಡ್ದೇನವ್ವಾ?” ಚಿಕ್ಕಪ್ಪನ ದನಿ ಏರಲಿಲ್ಲ, ಇಳಿಯಿತು. “ನನ್ನ ಮಗಳು ಅಲ್ಲೇ ಕುಂತಿದ್ರ? ನಿನ್ನ ಹಟಕ್ಕ ಈ ಮನೀನ ಬೇಕಾಗಿತ್ತೇನು? ಇನ್ನ ಮ್ಯಾಲೆ ನೀ ಇದಕ್ಕ ಕೈ ಹಚ್ಚಬ್ಯಾಡ.”

ಬರಬೇಡ ಎಂದು ಅವನು ಹೇಳಲಿಲ್ಲ. ಅಜ್ಜಿ ಮೂಲೆಯಲ್ಲಿದ್ದ ಎಲೆಯಡಿಕೆ ಚೀಲ ತೆಗೆದುಕೊಂಡು ನಮ್ಮ ಜೊತೆ ಹೊರಟಳು. ಆ ವರ್ಷ ದಸರೆಯಾದ ಮೇಲೆ ಕರೆಯಲು ಯಾರೂ ಬರಲಿಲ್ಲ, ಅವಳೂ ದಾರಿ ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ. ಸುದ್ದಿ ಓಣಿಗೂ ಬಂತು. ಮಗನ ಮನೆಯನ್ನೇ ಚೌಳಿಗೆ ತಿನ್ನಿಸಿದಳು ಎಂದು ಜನ ಆಡಿಕೊಂಡರು. ಮಾಳಿಗೆಗೆ ಅವಳನ್ನು ಕರೆಯುವುದು ನಿಂತಿತು. ಅವರ ಮಾಳಿಗೆಗಳು ಮಣ್ಣಿನವು, ಅವಕ್ಕೆ ಚೌಳೇ ಬೇಕು, ಅದು ಅವರಿಗೂ ಗೊತ್ತು. ಆದರೂ ಕರೆಯಲಿಲ್ಲ. ಅಜ್ಜಿ ಹನ್ನೆರಡು ತಿಂಗಳೂ ನನ್ನವಳಾದಳು, ಸೋಪಿನ ವಾಸನೆ ಮತ್ತೆ ಬರಲಿಲ್ಲ. ನಾನು ಬೇಡಿದ್ದೆಲ್ಲ ಸಿಕ್ಕಿತ್ತು. ರಾತ್ರಿ ಅವಳ ಕೌದಿಯೊಳಗೆ ಮಲಗಿ ನಾನು ಜಂತಿ ಎಣಿಸುತ್ತಿದ್ದೆ.

ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಮಾಳಿಗೆಗೆ ಚೌಳು ಹಾಕುವ ದಿನ ಬಂತು. ಅಪ್ಪ ಅಂಗಡಿಯಲ್ಲಿದ್ದ, ಅವ್ವ ಕೆಳಗೆ ಬುಟ್ಟಿ ತುಂಬುತ್ತಿದ್ದಳು. ಮೇಲೆ ನಾನು, ಅಜ್ಜಿ. ಈ ಸಲ ಅವಳು ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡಿರಲಿಲ್ಲ. ಮೊಣಕಾಲೂರಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಅಂಗೈಯಿಂದ ಸವರುತ್ತಿದ್ದಳು. ಬೆಳಕಿಂಡಿಯ ಹತ್ತಿರ ಬಂದಾಗ ನಾನು ಹೇಳಿದೆ.

“ಅಜ್ಜಿ, ಖಾದರಸಾಬ ನನಗ ಹೇಳಿದ್ದ. ನಾ ನಿನಗ ಹೇಳಲಿಲ್ಲ.”

ಅವಳ ಕೈ ನಿಲ್ಲಲಿಲ್ಲ.

“ಗೊತ್ತೈತಿ.”

“ಬೇಕಂತ ಹೇಳಲಿಲ್ಲ.”

“ಅದೂ ಗೊತ್ತೈತಿ.” ಅವಳು ತಲೆ ಎತ್ತಿ ನೋಡಿದ್ದು ನನ್ನನ್ನಲ್ಲ, ನನ್ನ ಕಾಲ ಹತ್ತಿರದ ಮಣ್ಣನ್ನು. “ಆ ಮೂಲ್ಯಾಗ ತೆಳ್ಳಗ ಬಿದ್ದೈತಿ. ಇನ್ನೊಂದು ಬುಟ್ಟಿ ಹಾಕು.”

ಬುಟ್ಟಿ ಹಾಕಿ ಕೆಳಗಿಳಿದವಳು ಕೈ ಕೂಡ ತೊಳೆಯದೆ ಹೊರಟೆ. ಕೌಲ್ ಬಜಾರಿನಿಂದ ಸತ್ಯನಾರಾಯಣಪೇಟೆಯವರೆಗೆ ನಡೆದೇ ಹೋದೆ. ಚಿಕ್ಕಪ್ಪ ಆ ದಿನ ಊರಲ್ಲೇ ಇದ್ದ. ಹೇಳಬೇಕಾದ ಮಾತನ್ನು ದಾರಿಯಲ್ಲಿ ಹತ್ತು ಸಲ ಹೇಳಿಕೊಂಡೆ. ಗೇಟಿನ ಹತ್ತಿರ ಹೋದಾಗ ಕಿಟಕಿ ಕಂಡಿತು. ತಾರಸಿಯ ಆ ಭಾಗ ಒಡೆಸಿ ಹೊಸದಾಗಿ ಹಾಕಿಸಿದ್ದರು, ಮೇಲೆ ಕೆಂಪು ಮಣ್ಣು ಹರಡಿದ್ದರು, ಕಟ್ಟೆಗೆ ಹೊಸ ಕಲ್ಲು ಕೂರಿಸಿದ್ದರು, ಮೊದಲಿನದಕ್ಕಿಂತ ಅಗಲವಾದದ್ದು. ಅದರ ಮೇಲೆ ಗಿರಿಜೆ ಅಂಗಾಲು ಒತ್ತಿ ಕೂತು ಓದುತ್ತಿದ್ದಳು. ಸಂಜೆಯ ಬಿಸಿಲು ಅವಳ ಪುಸ್ತಕದ ಮೇಲೂ ಬಿದ್ದಿತ್ತು, ಅವಳ ಸುತ್ತ ಮಿಕ್ಕು ನೆಲಕ್ಕೂ ಚೆಲ್ಲಿತ್ತು. ಇಷ್ಟಾದ ಮೇಲೂ ಬೆಳಕು ಅವಳದೇ. ಮತ್ತೆ ಅದೇ ಹೊಟ್ಟೆಕಿಚ್ಚು. ಗೇಟು ಮುಟ್ಟದೆ ತಿರುಗಿ ಬಂದೆ.

ಮುಂದೆ ನಾನು ಅಚ್ಚಿಗೆ ಕೊಟ್ಟ ಮೊದಲ ಬರಹ ನಮ್ಮ ಕಡೆಯ ಸಿಮೆಂಟಿನ ತಾರಸಿಗಳ ಮೇಲೆ. ಬಿಸಿಲಿನ ಸೀಮೆಯಲ್ಲಿ ಇದು ಮನೆಯಲ್ಲ, ಒಲೆ. ಮಣ್ಣಿನ ಮಾಳಿಗೆ ಕಟ್ಟಿದವರು ನಮಗಿಂತ ಜಾಣರು ಎಂದು ಬರೆದಿದ್ದೆ. ಹೇಳಿದ್ದು ನಿಜವೇ, ಇವತ್ತಿಗೂ ಅದರಲ್ಲಿ ಒಂದು ಅಕ್ಷರ ತೆಗೆಯಲಾರೆ. ಆದರೆ ಅದನ್ನು ಬರೆದ ಕೈ ಯಾವುದೆಂದು ನನಗೆ ಗೊತ್ತಿತ್ತು. ಆಮೇಲೆ ಬೇರೆಯವರ ಕಟ್ಟಡಗಳ ತಪ್ಪನ್ನು ಮಳೆ ಬರುವ ಮೊದಲೇ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತ ಬಂದಿದ್ದೇನೆ. ಬಾಯಿ ಕೆಟ್ಟದ್ದು ಎಂಬ ಹೆಸರು ಬಂದಿದೆ. ಇರಲಿ. ಒಮ್ಮೆ ಹೇಳದೆ ಉಳಿದವಳು ನಾನು.

ಗಿರಿಜೆ ಈಗಲೂ ಅದೇ ಮನೆಯಲ್ಲಿದ್ದಾಳೆ. ನನ್ನ ಪುಸ್ತಕ ಬಂದಾಗಲೆಲ್ಲ ಆ ಕಟ್ಟೆಯ ಮೇಲೆ ಕೂತೇ ಓದಿ ಫೋನು ಮಾಡುತ್ತಾಳೆ. “ಈ ಸಲ ಯಾರ ಮನಿ ಜಂತಿ ಎಣಸೀಯೇ?” ಎಂದು ಕೇಳುತ್ತಾಳೆ. ನಿಮ್ಮದೇ, ಗಿರಿಜಾ. ನಿಮ್ಮಪ್ಪ ಸಾಯುವ ತನಕ ತನ್ನ ತಾಯಿ ಹಟಕ್ಕೆ ಬಿದ್ದು ಮಗನ ಮನೆ ಕೆಡಿಸಿದಳೆಂದು ನಂಬಿದ್ದ. ನೀನೂ ಇವತ್ತಿನವರೆಗೆ ಹಾಗೇ ನಂಬಿದ್ದೀ. ಅಜ್ಜಿ ಆ ಹೊಸ್ತಿಲು ಮತ್ತೆ ತುಳಿಯದೆ ಹೋದಳು. ಚೌಳು ಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಗಿರಿಜಾ. ಹೇಳಬೇಕಾದವಳು ಆವತ್ತು ನಿನ್ನ ಕಟ್ಟೆಯ ಮೇಲೆ ಕೂತು ನಾಲ್ಕು ಪುಟ ಓದಿದಳು.